ಸೀಟಿನ ಕೆಳಗಿನ ಸ್ವಿಚ್

ಏಪ್ರಿಲ್ 4, ಶುಕ್ರವಾರ. ಬೆಳಗ್ಗೆ 6.10

ಇವತ್ತೂ ಸ್ಟಾರ್ಟ್ ಆಯಿತು. ಒಂದೇ ಸಲಕ್ಕೆ. ಹಾಳಾದ್ದು.

ಹತ್ತೊಂಬತ್ತು ದಿನದಿಂದ ಇದೇ ಹೊತ್ತಿಗೆ ಶೆಡ್ಡಿಗೆ ಹೋಗಿ ಕಾರಿನ ಕೀ ತಿರುಗಿಸುತ್ತಿದ್ದೇನೆ. ಹದಿನೇಳು ದಿನ ಎದ್ದಿದೆ. ಎರಡು ದಿನ ಇಲ್ಲ. ಆ ಎರಡು ದಿನವೂ ನೋಡಲು ಯಾರೂ ಇರಲಿಲ್ಲ. ಮೀಟರಿನ ದೀಪಗಳೆಲ್ಲ ಹತ್ತುತ್ತವೆ, ಸೆಲ್ಫ್ ಮಾತ್ರ ಟಕ್ ಎನ್ನುವುದಿಲ್ಲ. ಹತ್ತು ನಿಮಿಷ ಬಿಟ್ಟು ತಿರುಗಿಸಿದರೆ ಏನೂ ಆಗದವರ ಹಾಗೆ ಎದ್ದು ಕೂರುತ್ತದೆ. ಫೋನಿನಲ್ಲಿ ಹಿಡಿಯೋಣವೆಂದರೆ ಫೋನ್ ಕಂಡ ದಿನ ತಪ್ಪದೆ ಎದ್ದುಬಿಡುತ್ತದೆ.

ಮನುಷ್ಯನಾಗಿದ್ದರೆ ಕಪಾಳಕ್ಕೆ ಎರಡು ಬಾರಿಸಿರುತ್ತಿದ್ದೆ.

ಏಪ್ರಿಲ್ 6, ಭಾನುವಾರ

ಮಗಳನ್ನು ನೋಡಲು ಬಾಮೈದನ ಮನೆಗೆ ಹೋಗಿದ್ದೆ. ಇವಳು, ನನ್ನ ಹೆಂಡತಿ, ತೀರಿಹೋದ ದಿನದಿಂದ ಪುಟ್ಟಿ ಅಲ್ಲೇ, ಸೋದರಮಾವನ ಮನೆಯಲ್ಲಿ. ಹದಿನೈದು ತುಂಬಿದೆ. ಕೈ ಹಿಡಿದು ಎಳೆದು ತರುವ ವಯಸ್ಸಲ್ಲ.

ಬಾಮೈದ ಬಾಗಿಲು ತೆಗೆದ. ಒಳಗೆ ಬನ್ನಿ ಎನ್ನಲಿಲ್ಲ.

“ಕಾರಲ್ಲೇ ಬಂದ್ರಾ ಭಾವ?”

“ಹೂಂ.”

“ಹಾಗಾದ್ರೆ ಸ್ಟಾರ್ಟ್ ಆಯ್ತು.”

ಪುಟ್ಟಿಗೆ ಕೇಳಲಿ ಎಂದೇ ಅಂದದ್ದು. ಹುಣ್ಣಿನ ಮೇಲೆ ಬರೆ ಎಳೆಯುವುದರಲ್ಲಿ ಅವನ ಕೈ ಪಳಗಿದೆ.

ಅವತ್ತು ಬೆಳಗ್ಗೆ ಇವಳು ಎದೆ ಹಿಡಿದುಕೊಂಡು ಕುಸಿದಳು. ಕಾರು ಎದ್ದೇಳಲಿಲ್ಲ. ಗೇಟಿನಾಚೆ ರಸ್ತೆ ಏರು, ಒಬ್ಬನ ಕೈಲಿ ತಳ್ಳಲಾಗದು. ಆಂಬುಲೆನ್ಸ್ ಬಂದದ್ದು ಮುಕ್ಕಾಲು ಗಂಟೆ ಆದ ಮೇಲೆ. ಡಾಕ್ಟರು “ಸ್ವಲ್ಪ ಮುಂಚೆ ಬಂದಿದ್ರೆ…” ಎಂದು ಅರ್ಧಕ್ಕೇ ನಿಲ್ಲಿಸಿದರು. ಪಕ್ಕದಲ್ಲಿ ಬಾಮೈದ ನಿಂತಿದ್ದ. ಸಂಜೆ ನೇರವಾಗಿ ಶೆಡ್ಡಿಗೆ ಹೋಗಿ, ಕಾರಿನಲ್ಲಿ ಕೂತು, ಕೀ ತಿರುಗಿಸಿದ. ಎದ್ದಿತು. ಪುಟ್ಟಿ ಬಾಗಿಲಲ್ಲೇ ನಿಂತಿದ್ದಳು. ಹಿಂದಿನ ದಿನದಿಂದ ಪರೀಕ್ಷೆಗೆ ಓದಲು ಗೆಳತಿಯ ಮನೆಯಲ್ಲಿದ್ದವಳು ಆಗಷ್ಟೇ ಬಂದಿದ್ದಳು. “ಸರಿಯಾಗೇ ಇದೆಯಲ್ಲ” ಎಂದ. ಅಷ್ಟೇ ಅಂದದ್ದು. ಅಷ್ಟೇ ಸಾಕಾಯಿತು.

ಇವತ್ತು ಹೊರಡುವಾಗ ಪುಟ್ಟಿ ಮೆಟ್ಟಿಲವರೆಗೆ ಬಂದಳು.

“ಅಪ್ಪ, ಕಾರು ನಿಜವಾಗ್ಲೂ ಕೆಟ್ಟಿತ್ತಾ?”

“ಕೆಟ್ಟಿತ್ತು ಕಣೇ.”

“ಏನ್ ಕೆಟ್ಟಿತ್ತು?”

“ಗೊತ್ತಿಲ್ಲ.”

“ಗೊತ್ತಾದ ಮೇಲೆ ಬರ್ತೀನಿ.”

ಏಪ್ರಿಲ್ 8

ಗ್ಯಾರೇಜು. ಮೇಸ್ತ್ರಿ ಬ್ಯಾಟರಿ ನೋಡಿದ. ಟರ್ಮಿನಲ್ ಉಜ್ಜಿದ. ಅರ್ತ್ ವೈರ್ ಬಿಗಿ ಮಾಡಿದ. ಇಪ್ಪತ್ತು ಸಲ ಕೀ ತಿರುಗಿಸಿದ, ಇಪ್ಪತ್ತು ಸಲವೂ ಎದ್ದಿತು.

“ನಿಮ್ಮ ಕಾರಿಗೆ ಕಾಯಿಲೆ ಇಲ್ಲ. ನಿಮಗೇ ಏನೋ ಅನುಮಾನ.”

ಸುಮ್ಮನೆ ಬಂದೆ. ಬಾಯಿ ತೆರೆದರೆ ಕೈ ಮುಂದಾಗುತ್ತಿತ್ತು.

ಏಪ್ರಿಲ್ 11

ಬೆಳಗ್ಗೆ ಎದ್ದೇಳಲಿಲ್ಲ. ಮತ್ತೆ ಹತ್ತು ನಿಮಿಷಕ್ಕೆ ಎದ್ದಿತು. ಗ್ಯಾರೇಜಿಗೆ ಓಡಿಸಿದೆ. ಹೊಸ ಬ್ಯಾಟರಿ ಹಾಕಿಸಿದೆ. ಮೇಸ್ತ್ರಿ ಸೆಲ್ಫ್ ಮೋಟರ್ ಇಳಿಸಿ, ಬಿಚ್ಚಿ, ಒರೆಸಿ ಮತ್ತೆ ಕೂರಿಸಿದ.

“ಹೊಸದರ ಹಾಗಿದೆ ಸಾರ್. ನಿಮ್ಮ ಹತ್ರ ಹುಲಿ, ಇಲ್ಲಿ ಬಂದ್ರೆ ಇಲಿ. ಥೇಟ್ ಹೆಂಡ್ತಿ ಎದುರಿಗಿರೋ ಗಂಡ.” ತಾನೇ ನಕ್ಕ.

ಅವನಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ.

“ಹೊರಗಡೆ ಯಾರಾದ್ರೂ ವೈರಿಂಗಿಗೆ ಕೈ ಹಾಕಿದಾರಾ? ಹಾರ್ನು, ಲೈಟು, ಸ್ಪೀಕರು?”

“ಇಲ್ಲ.”

ಸುಳ್ಳು. ಡ್ರೈವರ್ ಸೀಟಿನ ಕೆಳಗೆ ಎಡಗಡೆ ಒಂದು ಸ್ವಿಚ್ ಇದೆ. ಆರು ವರ್ಷದ ಹಿಂದೆ ನಮ್ಮ ಬೀದಿಯಲ್ಲಿ ಎರಡು ಕಾರು ಕಳುವಾದಾಗ ಬಾಮೈದ ಹಾಕಿಕೊಟ್ಟದ್ದು. ಮನೆಗಳಿಗೆ ವೈರಿಂಗ್ ಮಾಡುವುದು ಅವನ ಕೆಲಸ. ಎಡಗೈಯಿಂದ ಸ್ವಿಚ್ ಹಾಕಿ ಆಮೇಲೆ ಕೀ ತಿರುಗಿಸಬೇಕು. ಇಳಿಯುವಾಗ ಆಫ್ ಮಾಡಬೇಕು. ಆಫ್ ಇದ್ದರೆ ಸೆಲ್ಫ್ ತಗೊಳ್ಳುವುದಿಲ್ಲ. “ಯಾರಿಗೂ ಹೇಳ್ಬೇಡಿ ಭಾವ, ಅದ್ರಲ್ಲೂ ಮೆಕ್ಯಾನಿಕ್‌ಗಳಿಗೆ ಹೇಳ್ಬೇಡಿ. ಕಳ್ಳರಿಗೆ ದಾರಿ ತೋರ್ಸೋರೇ ಅವರು” ಎಂದಿದ್ದ. ಇವಳು ಅದನ್ನು ಮಂತ್ರದ ಹಾಗೆ ಪಾಲಿಸಿದಳು. ಗ್ಯಾರೇಜಿಗೆ ಬಿಡುವಾಗ ಆನ್ ಇಟ್ಟು ಇಳಿಯುವುದು ನಮ್ಮ ಪದ್ಧತಿ. ಇವತ್ತೂ ಹಾಗೇ ಮಾಡಿದೆ.

ಅದಕ್ಕೂ ಇದಕ್ಕೂ ಸಂಬಂಧ ಇರಲಾರದು. ಆರು ವರ್ಷ ಸರಿಯಾಗಿದ್ದ ಸ್ವಿಚ್ಚು.

ಏಪ್ರಿಲ್ 13, ಭಾನುವಾರ

ಪುಟ್ಟಿಯನ್ನು ನೋಡಲು ಹೋಗಲಿಲ್ಲ. ಏನೆಂದು ಹೋಗಲಿ.

ಏಪ್ರಿಲ್ 16

ಕೆಲಸ ಮಾಡುವ ಬೈಂಡಿಂಗ್ ಶಾಪಿನಲ್ಲಿ ನಲವತ್ತು ರಿಜಿಸ್ಟರಿಗೆ ರಟ್ಟು ತಲೆಕೆಳಗಾಗಿ ಅಂಟಿಸಿದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಮಾಲೀಕರು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ. “ಮನೆಗೆ ಹೋಗಿ ಮಲಕ್ಕೊಳ್ಳಿ” ಎಂದರು. ಅವರ ಕನಿಕರವನ್ನು ಅವರ ಗೋಂದಿನ ಡಬ್ಬಿಯಲ್ಲೇ ಅದ್ದಿ ಬರಬೇಕೆನಿಸಿತು.

ಮನೆಗೆ ಬಂದು ಕಾರಿನ ಟೈರಿಗೆ ಒದ್ದೆ. ಕಾಲುಬೆರಳು ಊದಿದೆ. ಅದಕ್ಕೇನೂ ಆಗಲಿಲ್ಲ.

ಏಪ್ರಿಲ್ 22, ಮಂಗಳವಾರ. ಮಧ್ಯಾಹ್ನ

ಸಿಕ್ಕಿತು.

ಬೆಳಗ್ಗೆ ಗ್ಯಾರೇಜಿನ ಮುಂದೆ ನಿಲ್ಲಿಸಿ, ಸ್ವಿಚ್ ಆನ್ ಇಟ್ಟೇ ಇಳಿದೆ. ಮೇಸ್ತ್ರಿ ಒಳಗೆ ತೆಗೆದುಕೊಳ್ಳಲು ಕೀ ತಿರುಗಿಸಿದ. ಸದ್ದಿಲ್ಲ. ಇನ್ನೊಮ್ಮೆ. ಸದ್ದಿಲ್ಲ. ಅವನ ಮುಖ ನೋಡಿ ನನಗೆ ಆದ ಸಂತೋಷ ಹೇಳಲಾರೆ.

“ಯಾರೂ ಮುಟ್ಬೇಡಿ” ಎಂದ. ಟೆಸ್ಟ್ ಲ್ಯಾಂಪ್ ತಂದ. ಕೀ ಹತ್ತಿರ ಕರೆಂಟ್ ಇದೆ. ಸೆಲ್ಫ್ ಹತ್ತಿರ ಇಲ್ಲ. ನಡುವೆ ಎಲ್ಲೋ ಸಾಯುತ್ತಿದೆ. ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ ವೈರನ್ನು ಬೆರಳಲ್ಲೇ ಹಿಡಿದು ಹೊರಟ. ಅದು ಕಾರ್ಪೆಟ್ಟಿನ ಕೆಳಗೆ ನುಗ್ಗಿತು, ಸೀಟಿನತ್ತ ತಿರುಗಿತು. ಅವನ ಕೈ ನಿಂತಿತು.

“ಸಾರ್. ಇದೇನಿದು?”

ಹೇಳಿದೆ.

ಎದ್ದು ಕೂತು ಕೈ ಒರೆಸಿಕೊಂಡ. ನಿಧಾನಕ್ಕೆ ಒರೆಸಿಕೊಂಡ.

“ವೈದ್ಯರ ಹತ್ರ, ವಕೀಲರ ಹತ್ರ ಸುಳ್ಳು ಹೇಳ್ಬಾರ್ದು ಅಂತ ದೊಡ್ಡೋರು ಹೇಳಿದಾರೆ. ನಮ್ಮನ್ನ ಸೇರಿಸೋದು ಮರ್ತಿದಾರೆ. ಆವತ್ತೇ ಬಾಯಿ ಬಿಟ್ಟು ಹೇಳಿದ್ರೆ ಅರ್ಧ ಗಂಟೆ ಕೆಲ್ಸ. ಎರಡು ವಾರ ನನ್ನ ಮರ್ಯಾದೆ ತೆಗ್ದ್ರಿ.”

ಟೇಪ್ ಸುಲಿದ. ಒಳಗೆ ಎರಡು ವೈರು ಒಂದಕ್ಕೊಂದು ಹೊಸೆದದ್ದು, ಅಷ್ಟೇ. ತಾಮ್ರವೆಲ್ಲ ಹಸಿರು. ಬೆರಳಿಂದ ಅಲ್ಲಾಡಿಸಿದರೆ ಲ್ಯಾಂಪ್ ಹತ್ತುತ್ತದೆ, ಬಿಟ್ಟರೆ ಆರುತ್ತದೆ.

“ಮನೆ ವೈರಿಂಗ್ ಮಾಡೋನ ಕೈ ಇದು. ಗೋಡೆ ಒಳಗಿದ್ರೆ ನೂರು ವರ್ಷ ಬರುತ್ತೆ. ಗೋಡೆ ಅಲ್ಲಾಡಲ್ಲ. ಕಾರು ಅಲ್ಲಾಡುತ್ತೆ.”

ಸ್ವಿಚ್ ಕಿತ್ತು ವೈರನ್ನು ನೇರವಾಗಿ ಬೆಸುಗೆ ಹಾಕಿದ. ಕತ್ತರಿಸಿದ ಜಾಯಿಂಟನ್ನು ಕೇಳಿ ಇಸಿದುಕೊಂಡೆ. ಕಾಗದದಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟಿದ್ದೇನೆ.

ಬೇಲಿಯೇ ಎದ್ದು ಹೊಲ ಮೇಯ್ದಿದೆ. ಬೇಲಿ ಹಾಕಿದವನು ಅವನು. ಐದು ವಾರ ನನ್ನನ್ನು ಕೊಲೆಗಾರನ ಹಾಗೆ ನೋಡಿದವನು. ನಾಳೆ ಅವನ ಮನೆಯಲ್ಲೇ, ಪುಟ್ಟಿಯ ಎದುರಿಗೇ ಇಡುತ್ತೇನೆ. ಇವತ್ತು ಹೊಟ್ಟೆ ತುಂಬ ಉಂಡೆ.

ಏಪ್ರಿಲ್ 23, ಬುಧವಾರ. ಸಂಜೆ 7

ಪುಟ್ಟಿ ಮನೆಗೆ ಬಂದಿದ್ದಾಳೆ. ಒಳಕೋಣೆಯಲ್ಲಿ ಪುಸ್ತಕ ಜೋಡಿಸಿಕೊಳ್ಳುತ್ತಿದ್ದಾಳೆ. ಸದ್ದು ಕೇಳುತ್ತಿದೆ.

ಆದದ್ದು ಹೀಗೆ. ಐದು ಗಂಟೆಗೆ ಹೋದೆ. ಕೂರಲಿಲ್ಲ. ಕಾಗದ ಬಿಚ್ಚಿ ಟೇಬಲ್ ಮೇಲೆ ಇಟ್ಟು, “ಪುಟ್ಟಿ, ಕೆಟ್ಟಿದ್ದು ಇದು. ಯಾರು ಹೊಸೆದದ್ದು ಅಂತ ನಿಮ್ಮ ಮಾವನ್ನ ಕೇಳು” ಎಂದೆ.

ಬಾಮೈದ ಎತ್ತಿಕೊಂಡು ನೋಡಿದ. ಅವನ ಕೈ ಅವನಿಗೆ ಗುರುತು ಸಿಗದೆ ಇರುತ್ತದೆಯೆ. ಕಿವಿ ಕೆಂಪಾಯಿತು. ಬೆರಳಲ್ಲಿ ತಿರುವುತ್ತಲೇ ಇದ್ದ. ತಿರುವಲಿ ಎಂದು ನಾನೂ ಬಿಟ್ಟೆ. ನೋಡುತ್ತಾ ನಿಂತೆ.

“ನಂದೇ” ಎಂದ. “ತಪ್ಪು ನಂದೇ ಇರ್ಬಹುದು. ಆದ್ರೆ ಭಾವ, ಅವತ್ತು ಸಂಜೆ ನಾನು ಕೀ ಹಾಕೋಕೆ ಮುಂಚೆ ಸೀಟಿನ ಕೆಳಗೆ ಕೈ ಹಾಕಿದೆ. ಸ್ವಿಚ್ ಆಫ್ ಇತ್ತು.”

“ಇಷ್ಟು ದಿನ ಯಾಕೋ ಹೇಳ್ಲಿಲ್ಲ?”

“ಪುಟ್ಟಿ ಎದುರಿಗೆ ಹೇಗೆ ಹೇಳ್ಲಿ? ಗಂಟಲಲ್ಲಿ ಇಟ್ಕೊಂಡು ಓಡಾಡ್ತಿದ್ದೆ. ಈಗ ನೀವೇ ಟೇಬಲ್ ಮೇಲೆ ತಂದಿಟ್ರಿ. ಹೇಳಿ. ಅಕ್ಕನ್ನ ಕಾರಲ್ಲಿ ಮಲಗಿಸ್ಕೊಂಡು ಕೂತಾಗ ಸ್ವಿಚ್ ಹಾಕಿದ್ರಾ, ಮರೆತ್ರಾ?”

ಪುಟ್ಟಿ ನನ್ನ ಕಡೆ ತಿರುಗಿದಳು. “ಹಾಕಿದ್ಯಾ ಅಪ್ಪ?”

“ಹಾಕಿದ್ದೆ. ಇಳಿಯುವಾಗ ಆಫ್ ಮಾಡಿದೆ. ಅಭ್ಯಾಸ.”

ತಡವರಿಸಲಿಲ್ಲ. ಅವಳು ನನ್ನನ್ನು ನೋಡಿದಳು, ಮಾವನನ್ನು ನೋಡಿದಳು. ಒಳಗೆ ಹೋಗಿ ಬ್ಯಾಗು ತಂದಳು. ಅವನು ತಡೆಯಲಿಲ್ಲ. ಗೇಟಿನವರೆಗೂ ಬರಲಿಲ್ಲ. ಗೆದ್ದೆ. ಕಾರು ಒಂದೇ ಸಲಕ್ಕೆ ಎದ್ದಿತು.

ಹಾಕಿದ್ದೆ.

ಬರೆದು ನೋಡಿದರೆ ಸರಿಯಾಗಿ ನೆನಪಾದೀತು. ಅವತ್ತು ಬೆಳಗ್ಗೆ ಆರೂ ಹತ್ತು. ಇವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆ. ಇವಳ ಒಂದು ಚಪ್ಪಲಿ ಕಳಚಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡೆ. ಆಸ್ಪತ್ರೆಯಲ್ಲಿ ಬೇಕಾಗುತ್ತದೆ ಎಂದುಕೊಂಡದ್ದೂ ನೆನಪಿದೆ. ಹಿಂದಿನ ಬಾಗಿಲು ಹಾಕಿದೆ. ಮುಂದೆ ಬಂದು ಕೂತೆ. ಬಲಗೈಯಲ್ಲಿ ಕೀ. ಎಡಗೈ…

ಎಡಗೈಯಲ್ಲಿ ಚಪ್ಪಲಿ