ಕೊನೆಯ ಸಾಲು ನುಂಗುವ ಯಂತ್ರ, ನಾನು ಬಚ್ಚಿಟ್ಟ ಸೋರ್ಸ್ ಕೋಡ್

ಮಾನ್ಯ ಖರೀದಿ ಅಧಿಕಾರಿಗಳೇ,

ಅಂಧ ಮಕ್ಕಳ ಶಾಲೆಗಳಿಗೆಂದು ತಾವು ಕೊಂಡ ಅಚ್ಚಾದ ಪುಟವನ್ನು ಓದಿ ಹೇಳುವ ಯಂತ್ರಗಳು ಪುಟದ ಕೊನೆಯ ಸಾಲನ್ನು ನುಂಗುತ್ತವೆ. ಅದನ್ನು ಸರಿಪಡಿಸಬಲ್ಲವರು ಸೋರ್ಸ್ ಕೋಡ್ ಕೇಳಿದಾಗ ನಮ್ಮ ಕಂಪನಿ ಅರ್ಧ ಕೊಟ್ಟು ಅರ್ಧ ಬಚ್ಚಿಟ್ಟಿತು. ಬಚ್ಚಿಟ್ಟ ಕೈ ನನ್ನದು. ‘ಯಂತ್ರ ಸರಿಯಾಗಿದೆ, ತಂತ್ರಾಂಶ ಪರವಾನಗಿಯ ಷರತ್ತುಗಳನ್ನೆಲ್ಲ ಪಾಲಿಸಲಾಗಿದೆ’ ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಿದವನೂ ನಾನೇ. ಅದನ್ನು ಓದದೆ ಮೊಹರು ಒತ್ತಿದವರು ತಾವು.

ಆ ಯಂತ್ರದೊಳಗಿನ ತಂತ್ರಾಂಶ ನಾವು ಬರೆದದ್ದಲ್ಲ. ಯಾರೋ ಪುಣ್ಯಾತ್ಮರು ವರ್ಷಗಟ್ಟಲೆ ದುಡಿದು ಎಲ್ಲರಿಗೂ ಬಿಟ್ಟುಕೊಟ್ಟದ್ದು. ಬಳಸಿ, ಬದಲಿಸಿ, ಮಾರಿ ಎಂದಿದ್ದರು. ಬದಲಿಗೆ ಪರವಾನಗಿಯಲ್ಲಿ ಅವರು ಕೇಳಿದ್ದು ಒಂದೇ: ಯಂತ್ರ ಕೊಂಡವರು ಬಯಸಿದರೆ, ಮನುಷ್ಯರು ಓದಿ ತಿದ್ದಬಹುದಾದ ಮೂಲರೂಪವನ್ನು, ಅಂದರೆ ಸೋರ್ಸ್ ಕೋಡನ್ನು, ನಿಮ್ಮ ಬದಲಾವಣೆಗಳನ್ನೂ ಅದರಿಂದ ತಂತ್ರಾಂಶವನ್ನು ಮತ್ತೆ ಕಟ್ಟುವ ವಿಧಾನವನ್ನೂ ಸೇರಿಸಿ, ಪೂರ್ತಿಯಾಗಿ ಕೊಡಿ. ಇದಕ್ಕೆ ನಾವು ಒಪ್ಪಿದ್ದೆವು, ಕೈಪಿಡಿಯ ಹಿಂಬದಿಯಲ್ಲಿ, ಇರುವೆ ಗಾತ್ರದ ಅಕ್ಷರಗಳಲ್ಲಿ. ಕಣ್ಣು ಕಾಣದವರ ಕೈಪಿಡಿಯಲ್ಲಿ ಇರುವೆ ಗಾತ್ರದ ಅಕ್ಷರ! ನಮ್ಮ ಧೈರ್ಯವನ್ನು ಮೆಚ್ಚಬೇಕು.

ಒಬ್ಬರು ಅದನ್ನೂ ಓದಿಸಿ ಕೇಳಿದರು. ಶಾಲೆಯೊಂದರ ಟೀಚರ್, ಸ್ವತಃ ಅಂಧರು. ಅವರ ತಮ್ಮ ಟಿ.ವಿ. ರಿಪೇರಿಯವರು, ಪ್ರೋಗ್ರಾಮಿಂಗನ್ನು ತಾವಾಗಿಯೇ ಕಲಿತವರು. ಯಂತ್ರ ನುಂಗುವ ಸಾಲಿನ ಬಗ್ಗೆ ಮೂರು ದೂರು ಕೊಟ್ಟು ಸೋತಿದ್ದ ಟೀಚರ್, ‘ಸೋರ್ಸ್ ಕೋಡ್ ಕಳಿಸಿ, ನಾವೇ ಸರಿಮಾಡಿಕೊಳ್ಳುತ್ತೇವೆ’ ಎಂದು ಬರೆದರು. ಪತ್ರ ನನ್ನ ಮೇಜಿಗೆ ಬಂತು.

ಮ್ಯಾನೇಜರ್ ತಲೆಯೆತ್ತದೆ ಹೇಳಿದರು: “ಕೇಳಿದ್ರೆ ಕೊಡ್ಬೇಕಲ್ವಾ? ಕೊಡಿ. ನಾವು ಬದಲಾಯಿಸಿದ ಭಾಗ ಒಂದನ್ನ ಬಿಟ್ಟು ಕೊಡಿ.”

“ಅದಿಲ್ಲದೆ ಏನೂ ಆಗಲ್ಲ ಸಾರ್.”

“ಅದು ಅವರ ತಲೆನೋವು.”

ಯಂತ್ರ ತೆಗೆದ ಪುಟದ ಚಿತ್ರದ ಅಂಚು ಕತ್ತರಿಸುವ ಆ ಭಾಗದಲ್ಲೇ ತಪ್ಪಿತ್ತು. ಗೊತ್ತಿದ್ದೂ ಅದನ್ನು ತೆಗೆದು, ಉಳಿದದ್ದನ್ನು ಸಿ.ಡಿ.ಗೆ ತುಂಬಿ ಕಳಿಸಿದೆ.

ಎರಡು ತಿಂಗಳ ನಂತರ ಟೀಚರ್ ಫೋನ್ ಮಾಡಿದರು. “ನನ್ನ ತಮ್ಮ ಎಷ್ಟು ಒದ್ದಾಡಿದ್ರೂ ಆಗ್ತಿಲ್ಲ ಸಾರ್. ಏನಾದ್ರೂ ಬಿಟ್ಟುಹೋಗಿದ್ಯಾ?”

“ಎಲ್ಲಾ ಕಳಿಸಿದೀವಿ ಮೇಡಂ. ಅವ್ರಿಗೇ ಸರಿಯಾಗಿ ಬರಲ್ವೇನೋ.”

“ಇರ್ಬೋದು. ಸ್ಕೂಲಲ್ಲಿ ಕಲಿತವನಲ್ಲ ನೋಡಿ. ಇನ್ನೊಂದ್ಸಲ ನೋಡು ಅಂತೀನಿ. ತೊಂದ್ರೆ ಕೊಟ್ಟೆ, ಕ್ಷಮಿಸಿ ಸಾರ್.”

ಕ್ಷಮೆ ಕೇಳಿದ್ದು ಅವರು! ಬೈದಿದ್ದರೆ ನಾನು ಮರೆಯುತ್ತಿದ್ದೆನೇನೋ. ಅವರು ನನ್ನನ್ನು ನಂಬಿ ತಮ್ಮನನ್ನು ಅನುಮಾನಿಸಿದರು.

ವಾರ್ಷಿಕ ಪರೀಕ್ಷೆಯಲ್ಲಿ ಮಕ್ಕಳಿಗೆ ಪ್ರಶ್ನೆಪತ್ರಿಕೆ ಓದಿ ಹೇಳಿದ್ದು ಇದೇ ಯಂತ್ರ. ಮೊದಲ ಪುಟದ ಕೊನೆಯ ಸಾಲಿನಲ್ಲಿ ಹತ್ತು ಅಂಕದ ಪ್ರಶ್ನೆಯಿತ್ತು. ಆ ಟೀಚರ್ ಶಾಲೆಯ ಹನ್ನೊಂದು ಮಕ್ಕಳಲ್ಲಿ ಯಾರೂ ಅದನ್ನು ಬರೆಯಲಿಲ್ಲ. ನಾಲ್ಕೇ ಅಂಕ ಕಡಿಮೆಯಾಗಿ ಫೇಲಾದ ಹುಡುಗಿಯೊಬ್ಬಳು “ಅಂಥ ಪ್ರಶ್ನೆ ನಂಗೆ ಕೇಳಿಸ್ಲೇ ಇಲ್ಲ ಟೀಚರ್” ಎಂದಳಂತೆ. ಪರೀಕ್ಷಾ ವಿಭಾಗದವರು ‘ಯಂತ್ರ ಪ್ರಮಾಣೀಕೃತ’ ಎಂದು ಅವಳ ಅರ್ಜಿಯನ್ನು ತಿರಸ್ಕರಿಸಿದರು. ಪ್ರಮಾಣೀಕರಿಸಿದವರು ಯಾರು ಸ್ವಾಮಿ? ನಾನು ಮತ್ತು ತಾವು.

ಇದು ತಿಳಿದ ದಿನವೇ ಬಚ್ಚಿಟ್ಟ ಭಾಗವನ್ನು ಹಿಡಿದು ಟೀಚರ್ ಮನೆಗೆ ಹೋಗಿ, ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಒಳಗಿದ್ದ ತಮ್ಮನನ್ನು ಕರೆದು, “ನಿನ್ ತಪ್ಪಲ್ವಂತೆ ಕಣೋ” ಎಂದರು. ನನಗೆ ಸಿಕ್ಕ ಶಿಕ್ಷೆ ಅಷ್ಟೇ, ಅದನ್ನೇ ತಡೆದುಕೊಳ್ಳಲಾಗುತ್ತಿಲ್ಲ. ಆ ತಮ್ಮ ಎರಡೇ ದಿನದಲ್ಲಿ ಯಂತ್ರವನ್ನು ಸರಿಮಾಡಿದರು. ನಾನು ಕೆಲಸ ಬಿಟ್ಟೆ. ಅದೇನು ದೊಡ್ಡ ತ್ಯಾಗವಲ್ಲ.

ಉಳಿದ ಶಾಲೆಗಳ ಯಂತ್ರಗಳನ್ನು ಮುಟ್ಟಲು ಅಧಿಕಾರಿಗಳಾದ ತಮ್ಮ ಅನುಮತಿ ಬೇಕಂತೆ. ಕೊಡಿ. ಇನ್ನು ಮುಂದೆ ಇಂಥ ಯಂತ್ರ ಕೊಳ್ಳುವಾಗ ಪ್ರಮಾಣಪತ್ರವನ್ನು ನಂಬಬೇಡಿ. ಪೂರ್ತಿ ಸೋರ್ಸ್ ಕೋಡ್ ತರಿಸಿ, ಹೊರಗಿನವರೊಬ್ಬರಿಂದ ತಮ್ಮೆದುರೇ ಅದರಿಂದ ತಂತ್ರಾಂಶ ಕಟ್ಟಿಸಿ ನೋಡಿ. ವಿಚಾರಣೆಗೆ ನನ್ನನ್ನೇ ಮೊದಲು ಕರೆಯಿರಿ, ಬರುತ್ತೇನೆ. ಆದರೆ ಅದಕ್ಕೂ ಮೊದಲು ಆ ಹುಡುಗಿಯನ್ನು ಕೂರಿಸಿ, ಆ ಪ್ರಶ್ನೆಯನ್ನು ಯಾರಾದರೂ ಅವಳಿಗೆ ಪೂರ್ತಿ ಓದಿ ಹೇಳಿ.

ಇಂತಿ,
‘ಎಲ್ಲಾ ಕಳಿಸಿದೀವಿ’ ಎಂದವನು