ಒಂದು ಜೊತೆ ಚಿಪ್ಪು

೧೭ ನವೆಂಬರ್ ೨೦೨೫, ಸೋಮವಾರ

ಪಾಲಿಶ್ ಮೆಷಿನ್ನಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿಲ್ಲ. ನೋಡಿದರೆ ಮೈಯೆಲ್ಲ ಉರಿಯುತ್ತದೆ. ತೆಂಗಿನ ಚಿಪ್ಪಿನಲ್ಲಿ ಬಟ್ಟಲು ಮಾಡುವುದನ್ನು ಕರಾವಳಿಗೆ ಹೋಗಿ ಹತ್ತು ದಿನ ಕಲಿತು ಬಂದೆ. ಅಲ್ಲಿ ಹಸಿ ಕಾಯನ್ನೇ ಎರಡು ಹೋಳು ಮಾಡಿ ಒಣಗಿಸುತ್ತಾರೆ. ನಮ್ಮಲ್ಲಿ ಕಾಯಿ ವರ್ಷವಿಡೀ ಅಟ್ಟದ ಮೇಲಿದ್ದು ಚಿಪ್ಪಿನೊಳಗೇ ಉಂಡೆ ಕೊಬ್ಬರಿಯಾಗುತ್ತದೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ಹೊಳೆಯಲಿಲ್ಲವಲ್ಲ! ತುಮಕೂರಿನ ಅಂಗಡಿಯವರಿಗೆ ನಾಳೆ ಮಾದರಿ ತೋರಿಸುತ್ತೇನೆಂದು ಮಾತು ಬೇರೆ ಕೊಟ್ಟಿದ್ದೇನೆ.

ಕೊಬ್ಬರಿ ಒಡೆಯಲು ಬಂದಿದ್ದ ಭೈರಮ್ಮನಿಗೆ, ಚಿಪ್ಪು ಸರಿಯಾಗಿ ಎರಡು ಹೋಳಾಗುವಂತೆ ಒಡಿ ಅಂದೆ. ಮಚ್ಚು ಕೆಳಗಿಟ್ಟು ನಕ್ಕಳು.

"ಉಂಡೆ ಉಳೀಬೇಕು ಅಂದ್ರೆ ಚಿಪ್ಪು ಚೂರಾಗ್ಲೇಬೇಕು ಕಣವ್ವ. ಒಡೆದ ಕೊಬ್ಬರೀನ ಯಾರೂ ಮೂಸಲ್ಲ. ಬೇಕಾದ್ರೆ ನಿಮ್ಮಾವ್ರನ್ನೇ ಕೇಳು."

ಮಾವನನ್ನು ಕೇಳುವ ಧೈರ್ಯ ಯಾರಿಗಿದೆ? ಅಂಗಳದಲ್ಲಿ ಆಳೆತ್ತರ ಚಿಪ್ಪಿನ ರಾಶಿ. ಅದರಲ್ಲಿ ಅಂಗೈಯಗಲದ ಚೂರೂ ಇಲ್ಲ.

ಸಂಜೆ ನೆನಪಾಯಿತು. ಇವತ್ತು ಕಡೇ ಕಾರ್ತಿಕ ಸೋಮವಾರ. ಬೆಳಗ್ಗೆ ಮಾವ ಪೂಜೆಗೆ ಒಡೆದ ಕಾಯಿ ಅಚ್ಚುಕಟ್ಟಾಗಿ ಎರಡು ಹೋಳಾಗಿತ್ತು! ಒಂದು ಜೊತೆ ಬಟ್ಟಲಾದರೂ ಆದೀತೆಂದು ಅಡುಗೆಮನೆಗೆ ಓಡಿದೆ. ಅತ್ತೆ ಕಾಯಿ ತುರಿದು ಮುಗಿಸಿದ್ದರು.

"ಚಿಪ್ಪಾ? ಹಂಡೆ ಒಲೆಗೆ ಹಾಕ್ದೆ ಕಣೇ. ಅಂಗಳದ ತುಂಬ ಬಿದ್ದೈತಲ್ಲ, ಅದೇನ್ ಅಪರೂಪ ಅಂತ ಹುಡುಕ್ತೀಯ?"

ಹೋಗಿ ಸ್ನಾನ ಮಾಡಿದೆ. ನೀರು ಮಾತ್ರ ಚೆನ್ನಾಗಿ ಕಾದಿತ್ತು.