ತುಳಿಯದ ಬ್ರೇಕಿಗೆ ಬಹುಮಾನ, ತುಳಿದ ಚಾಲಕನಿಗೆ ಶಿಕ್ಷೆ

ಮಾನ್ಯ ಸುರಕ್ಷತಾಧಿಕಾರಿಗಳೇ,

ನೀವು ಚಾಲಕ ನಿತಿನ್ ಅವರನ್ನು ಕೆಲಸದಿಂದ ತೆಗೆದಿದ್ದೀರಿ. ಅದಕ್ಕೆ ಆಧಾರವಾಗಿ ನನ್ನ ಸಾಕ್ಷ್ಯವನ್ನು ಬಳಸಿದ್ದೀರಿ. ನಾನು ನಿಮ್ಮ ಎದುರು ಅರ್ಧ ಗಂಟೆ ಮಾತಾಡಿದೆ. ನಿಮ್ಮ ವರದಿಯಲ್ಲಿ ಅದರ ಒಂದೇ ಒಂದು ವಾಕ್ಯವಿದೆ. ಉಳಿದ ಮಾತುಗಳು ಎಲ್ಲಿ ಹೋದವು ಎಂದು ಎರಡು ಮಿಂಚಂಚೆಗಳಲ್ಲಿ, ಒಂದು ರಿಜಿಸ್ಟರ್ಡ್ ಪತ್ರದಲ್ಲಿ ಕೇಳಿದ್ದೇನೆ. ಉತ್ತರವಿಲ್ಲ. ಆದ್ದರಿಂದ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ, ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ನಿಮ್ಮ ಕಚೇರಿಯವರು ಓದಿ ಕಡತಕ್ಕೆ ಸೇರಿಸುತ್ತಾರೆ. ಕನ್ನಡದಲ್ಲಿ ಬರೆದರೆ ಆ ಕಚೇರಿಯಲ್ಲಿ ಓದಬಲ್ಲವರು ನೀವೊಬ್ಬರೇ.

ವಿಷಯ ಗೊತ್ತಿಲ್ಲದ ಓದುಗರಿಗಾಗಿ ಹೇಳುತ್ತೇನೆ. ನಾಗಪುರದ ಕೈಗಾರಿಕಾ ವಲಯ ಮಿಹಾನ್‌ನ ಹಲವು ಕಂಪನಿಗಳ ನೌಕರರನ್ನು ಮನೆಯಿಂದ ಕರೆದೊಯ್ದು ಮರಳಿ ಬಿಡಲು ಹನ್ನೆರಡು ಎಲೆಕ್ಟ್ರಿಕ್ ಕಾರುಗಳಿವೆ. ಅವುಗಳ ಸುರಕ್ಷತೆ ಈ ಅಧಿಕಾರಿಗಳ ಹೊಣೆ. ಸದರ್‌ನಲ್ಲಿ ವಾಸಿಸುವ ನಾನು ಎರಡು ವರ್ಷದಿಂದ ಅವುಗಳಲ್ಲೊಂದರಲ್ಲಿ ಓಡಾಡುತ್ತಿದ್ದೇನೆ. ವಿಮಾನಗಳ ದುರಸ್ತಿ ದಾಖಲೆ ನೋಡಿಕೊಳ್ಳುವುದು ನನ್ನ ಉದ್ಯೋಗ. ನಮ್ಮ ಗಾಡಿಯ ಚಾಲಕ ನಿತಿನ್‌ಗೆ ಮೂವತ್ತೊಂದು ವರ್ಷ. ಅವರದು ಮಂಡ್ಯ ಕಡೆಯ ಕುಟುಂಬ; ತಂದೆ ಸೇನೆಯಿಂದ ನಿವೃತ್ತರಾದ ಮೇಲೆ ಇಲ್ಲಿನ ದಂಡು ಪ್ರದೇಶವಾದ ಕಾಮಠಿಯಲ್ಲೇ ನೆಲೆಸಿದರು. ನಿತಿನ್ ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ.

ಎಲೆಕ್ಟ್ರಿಕ್ ಕಾರಿನ ಗುಣ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ ಎಂದು ಭಾವಿಸಿದ್ದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಮೋಟಾರೇ ಗಾಡಿಯನ್ನು ಹಿಡಿದು ನಿಧಾನ ಮಾಡುತ್ತದೆ. ಆ ಶಕ್ತಿ ಮತ್ತೆ ಬ್ಯಾಟರಿಗೆ ಹೋಗುತ್ತದೆ. ಒಳ್ಳೆಯದೇ. ಇದರಿಂದ ಚಕ್ರದ ಬ್ರೇಕಿಗೆ ಕೆಲಸ ಕಡಿಮೆ. ನೀವು ಇನ್ನೊಂದು ಹೆಜ್ಜೆ ಮುಂದೆ ಹೋದಿರಿ. ಬ್ರೇಕ್ ಪೆಡಲ್ ತುಳಿದಾಗಲೆಲ್ಲ ಚಾಲಕನ ಐದು ಅಂಕ ಕಳೆಯುವ ಪದ್ಧತಿ ತಂದಿರಿ. ತಿಂಗಳಲ್ಲಿ ಅತಿ ಕಡಿಮೆ ತುಳಿದವರಿಗೆ ‘ಶೂನ್ಯ ಬ್ರೇಕ್ ಸಾರಥಿ’ ಎಂಬ ಬಿರುದು, ಫಲಕದ ಮೇಲೆ ಫೋಟೊ, ನಿಮ್ಮ ಸಹಿಯ ಅಭಿನಂದನಾ ಪತ್ರ. ಕೆಂಪು ಸಿಗ್ನಲಿಗೆ ಅರ್ಧ ಫರ್ಲಾಂಗ್ ಇರುವಾಗಲೇ ನಿತಿನ್ ಕಾಲು ತೆಗೆಯುತ್ತಿದ್ದರು. ಹಿಂದಿನವರು ಹಾರ್ನ್ ಹೊಡೆದು ಬೈಯುತ್ತಿದ್ದರು.

“ಒಂದ್ಸಲ ತುಳಿದುಬಿಡಪ್ಪಾ, ಬೈಗುಳ ನನಗೂ ಬೀಳ್ತಿದೆ” ಎಂದು ನಾನು ತಮಾಷೆ ಮಾಡಿದ್ದೆ.

“ಬೈಲಿ ಬಿಡಿ ಅಂಕಲ್. ಬೈಗುಳಕ್ಕೆ ಪಾಯಿಂಟ್ ಕಟ್ ಆಗಲ್ಲ. ಪೆಡಲ್ ಮುಟ್ಟಿದ್ರೆ ಬರೋಬರ್ ಐದು!”

ಜೂನ್ ತಿಂಗಳ ಶೂನ್ಯ ಬ್ರೇಕ್ ಸಾರಥಿ ಇದೇ ನಿತಿನ್. ಸೆಪ್ಟೆಂಬರಿನಲ್ಲಿ ನಿಮ್ಮ ವಜಾ ಆದೇಶ ಹೇಳುತ್ತದೆ: “ಚಾಲಕನಿಗೆ ಬ್ರೇಕ್ ಬಳಸುವ ರೂಢಿಯೇ ಇರಲಿಲ್ಲ.” ಎರಡು ಕಾಗದಗಳಲ್ಲೂ ಒಂದೇ ಸಹಿ. ಯಾವುದನ್ನು ಬರೆಯುವಾಗ ನೀವು ಸುರಕ್ಷತಾಧಿಕಾರಿಯಾಗಿದ್ದಿರಿ, ದಯವಿಟ್ಟು ತಿಳಿಸುವಿರಾ?

ಬಳಸದ ಬ್ರೇಕ್ ಹೊಸದಾಗಿಯೇ ಉಳಿಯುತ್ತದೆ ಎಂದು ನೀವು ನಂಬಿದ್ದಿರಿ. ಎರಡು ವರ್ಷದಲ್ಲಿ ಒಂದು ಬ್ರೇಕ್ ಪ್ಯಾಡನ್ನೂ ಬದಲಿಸಬೇಕಾಗಿ ಬಂದಿಲ್ಲ ಎಂದು ಪ್ರಯಾಣಿಕರ ಸಭೆಯಲ್ಲಿ ಹೇಳಿ ಚಪ್ಪಾಳೆ ತೆಗೆದುಕೊಂಡಿರಿ. ತಟ್ಟಿದವರಲ್ಲಿ ನಾನೂ ಇದ್ದೆ. ಪ್ಯಾಡ್ ಸವೆಯದಿರುವುದು ನಿಜ. ಆದರೆ ಪ್ಯಾಡ್ ಉಜ್ಜದ ಡಿಸ್ಕಿಗೆ, ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ಬಿಲ್ಲೆಗೆ, ತುಕ್ಕು ಹಿಡಿಯುತ್ತದೆ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ ಜಾರಾಡಲು ಇರುವ ಪಿನ್ನುಗಳು ಗ್ರೀಸ್ ಒಣಗಿ ಕಚ್ಚಿಕೊಳ್ಳುತ್ತವೆ. ಬ್ರೇಕ್ ಆಯಿಲ್ ಗಾಡಿ ಓಡಲಿ ಬಿಡಲಿ ಗಾಳಿಯ ತೇವ ಹೀರುತ್ತಲೇ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆಂದು ಈ ಕಾರಿನ ಕೈಪಿಡಿಯೇ ಹೇಳುತ್ತದೆ. ನಮ್ಮ ವಿಮಾನದ ಶೆಡ್ಡಿನಲ್ಲಿ ಕೆಲವು ಭಾಗಗಳಿಗೆ ಹಾರಾಟದ ಗಂಟೆಯ ಲೆಕ್ಕವಿದೆ, ಕೆಲವಕ್ಕೆ ಕ್ಯಾಲೆಂಡರಿನ ಲೆಕ್ಕ. ನಿಂತಲ್ಲೇ ನಿಂತ ವಿಮಾನವನ್ನು ‘ಬಳಸಿಯೇ ಇಲ್ಲವಲ್ಲ’ ಎಂದು ಯಾರೂ ನೇರವಾಗಿ ಆಕಾಶಕ್ಕೆ ಬಿಡುವುದಿಲ್ಲ. ನಿಮ್ಮ ತಪಾಸಣಾ ಪಟ್ಟಿಯಲ್ಲಿ ಬ್ರೇಕಿಗೆ ಇರುವುದು ಒಂದೇ ಸಾಲು: ಪ್ಯಾಡಿನ ದಪ್ಪ. ಅದರ ಮುಂದೆ ಪ್ರತಿ ಸಲವೂ ಟಿಕ್ ಬಿದ್ದಿದೆ. ದಪ್ಪ ಸರಿಯಾಗಿಯೇ ಇತ್ತು, ಅದರಲ್ಲಿ ಸುಳ್ಳಿಲ್ಲ.

ಈಗ ಆ ದಿನದ ಸಂಗತಿ. ಗಣೇಶ ಹಬ್ಬ, ಅದರ ಹಿಂದೆಮುಂದೆ ಬಂದ ರಜೆ ಸೇರಿ ಒಂಬತ್ತು ದಿನ ಕಾರುಗಳು ಬಯಲಲ್ಲಿ ಮಳೆಗೆ ನಿಂತಿದ್ದವು. ರಜೆ ಮುಗಿದು ಕೆಲಸ ಶುರುವಾಗುವ ಬೆಳಗ್ಗೆ ಎಲ್ಲ ಗಾಡಿಗಳೂ ನೂರಕ್ಕೆ ನೂರು ಚಾರ್ಜ್ ಆಗಿರಬೇಕು ಎಂಬುದು ನಿಮ್ಮ ಸುತ್ತೋಲೆ. ಮಾಮೂಲಿ ದಿನಗಳಲ್ಲಿ ಅಷ್ಟು ತುಂಬಿಸುವ ಪದ್ಧತಿ ಇರಲಿಲ್ಲ. ಬ್ಯಾಟರಿ ತುಂಬಿ ತುಳುಕುತ್ತಿದ್ದರೆ ಮೋಟಾರು ವಾಪಸು ಕೊಡುವ ಶಕ್ತಿಗೆ ಜಾಗವಿಲ್ಲ. ಆಗ ಕಾಲು ತೆಗೆದರೂ ಗಾಡಿ ಎಂದಿನಂತೆ ನಿಧಾನವಾಗುವುದಿಲ್ಲ. ಇದೂ ಕೈಪಿಡಿಯಲ್ಲಿದೆ. ಸುತ್ತೋಲೆಯಲ್ಲಿ ಇರಲಿಲ್ಲ. ಚಾಲಕರಿಗೆ ಯಾರೂ ಹೇಳಿರಲಿಲ್ಲ.

ಸದರ್‌ನಲ್ಲಿ ನಾನು ಮೊದಲ ಪ್ರಯಾಣಿಕ. ಚಾರ್ಜಿಂಗ್ ಅಂಗಳ ನಮ್ಮ ಮನೆಯಿಂದ ಒಂದು ಕಿಲೋಮೀಟರ್ ಕೂಡ ಇಲ್ಲ. ನಾನು ಹತ್ತಿ ಎರಡು ನಿಮಿಷವಾಗಿರಬಹುದು, ಬ್ಯಾಟರಿ ಇನ್ನೂ ತುಂಬಿಯೇ ಇತ್ತು. ತಿರುವಿನಲ್ಲಿ ಆಟೋ ಒಂದು ಅಡ್ಡ ನಿಂತಿತ್ತು. ನಿತಿನ್ ಕಾಲು ತೆಗೆದರು. ಗಾಡಿ ಹಾಗೇ ಜಾರಿತು. “ಅರೇ, ಹಿಡೀತಿಲ್ಲ” ಎಂದವರೇ ಬ್ರೇಕ್ ತುಳಿದರು. ಸೀಟಿನಿಂದ ಎದ್ದು ನಿಂತರೋ ಎನ್ನುವಷ್ಟು ಬಲವಾಗಿ ತುಳಿದರು. ಕಬ್ಬಿಣಕ್ಕೆ ಕಬ್ಬಿಣ ತೀಡಿದ ಶಬ್ದ ಬಂತು, ಗಾಡಿ ಬಲಕ್ಕೆ ಎಳೆಯಿತು, ಆಟೋ ತಪ್ಪಿತು, ಅವಲಕ್ಕಿಗೆ ಖಾರದ ಸಾರು ಸುರಿದು ತರ್ರಿ ಪೋಹೆ ಮಾರುವ ಗಂಗೂಬಾಯಿಯವರ ಕೈಗಾಡಿಗೆ ಬಡಿದು ನಿಂತಿತು. ಕೆಂಪು ಸಾರು ರಸ್ತೆಯ ಪಾಲಾಯಿತು. ಗಂಗೂಬಾಯಿಯವರ ಬಲ ಮಣಿಕಟ್ಟು ಮುರಿಯಿತು.

ಗಾಡಿಯನ್ನು ಪಕ್ಕದ ಗ್ಯಾರೇಜಿಗೆ ತಳ್ಳಿದೆವು. ನಿಮ್ಮವರು ಬಂದು ಒಯ್ಯುವ ಮೊದಲು ಅಲ್ಲಿನ ಮೇಸ್ತ್ರಿ ಮುಂದಿನ ಎರಡು ಚಕ್ರ ಬಿಚ್ಚಿದರು. ಡಿಸ್ಕಿನ ತುಂಬ ಕೆಂಚು ತುಕ್ಕು, ನಡುವೆ ಬೆರಳಗಲದ ಹೊಳಪು. ಎಡ ಚಕ್ರದ ಪಿನ್ ಕೈಗೆ ಅಲುಗಲಿಲ್ಲ. ಸುತ್ತಿಗೆಯಿಂದ ಹೊಡೆದು ತೆಗೆದರು. ಬಲ ಚಕ್ರ ಮಾತ್ರ ಹಿಡಿದದ್ದಕ್ಕೇ ಗಾಡಿ ಬಲಕ್ಕೆ ಎಳೆದದ್ದು. ಆಯಿಲ್ ಕಷಾಯದ ಬಣ್ಣಕ್ಕೆ ತಿರುಗಿತ್ತು. ಮೇಸ್ತ್ರಿ ನಕ್ಕು ತಮ್ಮ ಹಿಂದಿಯಲ್ಲಿ ಹೇಳಿದ್ದರ ಸಾರ ಇಷ್ಟು: “ಸಾಬ್, ಇದು ಮದುವೆಗೆ ಹೊಲಿಸಿದ ಸೂಟು. ಹತ್ತು ವರ್ಷ ಪೆಟ್ಟಿಗೇಲಿಟ್ಟು ಈಗ ಹಾಕ್ಕೊಂಡ್ರೆ ಗುಂಡಿ ಎಲ್ಲಿ ಕೂಡುತ್ತೆ?” ಫೋಟೊ ತೆಗೆದಿದ್ದೇನೆ. ಹದಿನಾಲ್ಕು ಫೋಟೊ ನಿಮಗೆ ಕಳಿಸಿದ್ದೇನೆ.

ಮೂರನೆಯ ದಿನ ನೀವು ನನ್ನನ್ನು ಕರೆಸಿದಿರಿ. ನಾನು ಬಾಗಿಲಲ್ಲಿರುವಾಗಲೇ ಎದ್ದು ನಿಂತು ಸ್ವಾಗತಿಸಿದಿರಿ.

“ಬರ್ರಿ, ಬರ್ರಿ ವಾದಿರಾಜರ, ಕೂಡ್ರಿ. ಈ ಊರಾಗ ನಮ್ಮ ಮಾತು ಕಿವಿಗೆ ಬಿದ್ರ ಸಾಕು, ಅರ್ಧ ದಣಿವು ಹೋಗ್ತೈತಿ.”

ಚಹಾ ತರಿಸಿದಿರಿ. ಧಾರವಾಡದ ಮಾತು ತೆಗೆದಿರಿ. “ಏನ್ ನೋಡೀರಿ ಎಲ್ಲಾ ಬಿಚ್ಚಿ ಹೇಳ್ರಿ. ಹುಡುಗ ನಮ್ಮಂವ, ಅವಂಗ ಕೆಟ್ಟದಾಗಾಕ ನಾ ಬಿಡಂಗಿಲ್ಲ. ಇಂಗ್ಲಿಷಿನ್ಯಾಗ ನಾನ ಬರಕೋತೀನಿ, ನೀವು ಸಹಿ ಮಾಡಿದ್ರ ಆತು” ಎಂದಿರಿ.

ನಾನು ಬಿಚ್ಚಿ ಹೇಳಿದೆ. “ನಿತಿನ್ ಬ್ರೇಕ್ ತುಳಿದದ್ದನ್ನು ನಾನು ತಿಂಗಳುಗಳಿಂದ ನೋಡಿರಲಿಲ್ಲ” ಎಂದೆ. ತುಳಿದರೆ ನೀವು ಅಂಕ ಕಳೆಯುತ್ತೀರಿ, ಅದಕ್ಕೇ ತುಳಿಯುತ್ತಿರಲಿಲ್ಲ ಎಂದೆ. ಆ ದಿನ ಮೈಯ ಭಾರವನ್ನೆಲ್ಲ ಹಾಕಿ ತುಳಿದರು, ಗಾಡಿ ನಿಲ್ಲಲಿಲ್ಲ ಎಂದೆ. ತುಕ್ಕು, ಪಿನ್, ಆಯಿಲ್ ಎಲ್ಲ ಹೇಳಿದೆ. ನೀವು ತಲೆಯಾಡಿಸುತ್ತ ಬರೆದುಕೊಂಡಿರಿ. ಒಂದು ಹಾಳೆ ಮುಂದಿಟ್ಟಿರಿ. ನಾನು ಸಹಿ ಹಾಕಿದೆ.

ಓದಲಿಲ್ಲ. ಇದನ್ನು ಒಪ್ಪಿಕೊಳ್ಳದೆ ನಿಮ್ಮನ್ನು ದೂರುವ ಹಕ್ಕು ನನಗಿಲ್ಲ. ದಿನಕ್ಕೆ ನಲವತ್ತು ದಾಖಲೆಗಳನ್ನು ಸಾಲು ಸಾಲಾಗಿ ಓದಿ, ಒಂದು ದಿನಾಂಕ ತಪ್ಪಿದ್ದರೂ ವಾಪಸು ಕಳಿಸುವ ನಾನು ಅದೊಂದು ಹಾಳೆಯನ್ನು ಓದಲಿಲ್ಲ. ಮರಾಠಿಯವರೋ ಹಿಂದಿಯವರೋ ಬರೆದಿದ್ದರೆ ಖಂಡಿತ ಓದುತ್ತಿದ್ದೆ. ಬರೆದವರು ನಮ್ಮವರು ಎಂಬ ಒಂದೇ ಕಾರಣಕ್ಕೆ ಓದಲಿಲ್ಲ. ಊರು ಬಿಟ್ಟು ಬಂದ ನಮ್ಮಂಥವರ ಈ ದೌರ್ಬಲ್ಯ ನಿಮಗೆ ಚೆನ್ನಾಗಿ ಗೊತ್ತಿತ್ತು. ಹೆಸರು, ವಿಳಾಸ, ಗಾಡಿಯ ಸಂಖ್ಯೆಗಳ ಸಾಲುಗಳ ನಡುವೆ ಆ ಹಾಳೆಯಲ್ಲಿ ಇದ್ದದ್ದು ನನ್ನ ಮೊದಲ ವಾಕ್ಯ ಮಾತ್ರ. ಅದೇ ಈಗ ನಿಮ್ಮ ವರದಿಯ ಮೂರನೆಯ ಪುಟದಲ್ಲಿ, “ಪ್ರತ್ಯಕ್ಷದರ್ಶಿಯೇ ಒಪ್ಪಿರುವಂತೆ” ಎಂಬ ಮುನ್ನುಡಿಯೊಡನೆ ಕೂತಿದೆ.

ಅದು ನನಗೆ ತಿಳಿದದ್ದು ಕಾಮಠಿಯಲ್ಲಿ. ನಿತಿನ್ ಫೋನ್ ಎತ್ತುತ್ತಿಲ್ಲವೆಂದು ಭಾನುವಾರ ಅವರ ಮನೆಗೆ ಹೋದೆ. ಬಾಗಿಲು ತೆರೆದವರು ಅವರ ತಾಯಿ ರಾಜಮ್ಮ. ಒಳಗೆ ಬನ್ನಿ ಎನ್ನಲಿಲ್ಲ. ವಜಾ ಆದೇಶದ ಜೊತೆ ಬಂದಿದ್ದ ಆ ಪುಟವನ್ನೂ ನಾನು ಸಹಿ ಹಾಕಿದ ಹಾಳೆಯ ಪ್ರತಿಯನ್ನೂ ಹಿಡಿದು ತಂದರು.

“ಅಣ್ಣಾ, ದಿನಾ ಅವನ ಗಾಡೀಲಿ ಕೂತ್ಕೊಂಡ್ ಹೋಗೋರು ನೀವು. ನನ್ ಮಗ ಬ್ರೇಕೇ ತುಳಿಯಾಕಿಲ್ಲ ಅಂತ ಬರೆದ್ಕೊಟ್ರಂತಲ್ಲ. ಹೌದಾ?”

“ಹಾಗಲ್ಲಮ್ಮ…”

“ಕೆಳಗಿರೋ ಸಹಿ ನಿಮ್ದೋ ಅಲ್ವೋ?”

ಸಹಿ ನನ್ನದೇ. ಒಳಗಿನಿಂದ ನಿತಿನ್ ಬಂದರು. “ಬಿಡಮ್ಮಾ, ಅಂಕಲ್ ಝೂಟ್ ಹೇಳಿಲ್ಲ” ಎಂದರು. ನನ್ನ ಕಡೆ ತಿರುಗಿ, “ಆದ್ರೆ ಪೂರಾನೂ ಹೇಳಿಲ್ಲ, ಅಲ್ವಾ ಅಂಕಲ್?” ಎಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರ ಹೆಸರನ್ನು ‘ಬಳಸಬಾರದ ಚಾಲಕರ’ ಪಟ್ಟಿಗೆ ಸೇರಿಸಿ ಮಿಹಾನ್‌ನ ಎಲ್ಲ ಸಾರಿಗೆ ಗುತ್ತಿಗೆದಾರರಿಗೂ ನೀವು ಕಳಿಸಿದ್ದೀರಿ ಎಂದು ಅವರಿಂದಲೇ ತಿಳಿಯಿತು. ಒಂದು ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ನೀವು ಹುಡುಕುವ ದಾರಿಯನ್ನೇ ಮುಚ್ಚಿದ್ದೀರಿ, ಅದೂ ನನ್ನ ಸಹಿಯನ್ನು ಅಡ್ಡ ಇಟ್ಟು.

ಗಂಗೂಬಾಯಿಯವರನ್ನೂ ಕಂಡೆ. ಕೈಗೆ ಪ್ಲಾಸ್ಟರ್, ಕೈಗಾಡಿಯ ಬಳಿ ಸೊಸೆ ನಿಂತಿದ್ದಾರೆ. ನಿಮ್ಮ ಕಡೆಯವರು ಅವರನ್ನು ಏನಾದರೂ ಕೇಳಿದರೇ ಎಂದು ವಿಚಾರಿಸಿದೆ. “ಬಂದಿದ್ರು, ಹಣ್ಣು ಕೊಟ್ರು, ಫೋಟೊ ತಕ್ಕೊಂಡ್ರು. ಕೇಳಿದ್ದು ಏನೂ ಇಲ್ಲ” ಎಂದರು ಮರಾಠಿಯಲ್ಲಿ. “ಕೇಳಿದ್ರೆ ಹೇಳ್ತಿದ್ದೆ. ಗಾಡಿ ಕಿರುಚ್ತಾ ಬಂತು. ಬ್ರೇಕ್ ಹಾಕದೆ ಗಾಡಿ ಕಿರುಚುತ್ತಾ, ಭಾವೂ?” ಕೈ ಮುರಿದುಕೊಂಡವರಿಗೆ ತಿಳಿದ ಇಷ್ಟು ಸಣ್ಣ ಸತ್ಯ ಇಪ್ಪತ್ತೆರಡು ಪುಟದ ತನಿಖೆಗೆ ಹೇಗೆ ತಿಳಿಯದೆ ಹೋಯಿತು?

ಬಹುಶಃ ತಿಳಿದಿತ್ತು. ಚಾಲಕನ ತಪ್ಪು ಎಂದರೆ ಒಬ್ಬ ನಿತಿನ್ ಹೋಗುತ್ತಾರೆ. ಬ್ರೇಕಿನ ತಪ್ಪು ಎಂದರೆ ಹನ್ನೆರಡು ಗಾಡಿಗಳ ತಪಾಸಣಾ ಪಟ್ಟಿ ಹೊರಬರುತ್ತದೆ, ಅಂಕ ಪದ್ಧತಿ ಹೊರಬರುತ್ತದೆ, ಚಪ್ಪಾಳೆಯ ಸಭೆಯ ಫೋಟೊಗಳು ಹೊರಬರುತ್ತವೆ. ಇದು ನನ್ನ ಊಹೆ; ಊಹೆಯೆಂದೇ ಬರೆಯುತ್ತಿದ್ದೇನೆ. ತಪ್ಪಾಗಿದ್ದರೆ ಇದೇ ಪತ್ರಿಕೆಯಲ್ಲಿ ತಿದ್ದಿ, ಕ್ಷಮೆ ಕೇಳುತ್ತೇನೆ. ಮೇಲಿನ ಉಳಿದ ಯಾವುದೂ ಊಹೆಯಲ್ಲ.

ನನ್ನ ಬೇಡಿಕೆ ಸರಳ. ನನ್ನ ಸಂಪೂರ್ಣ ಹೇಳಿಕೆಯನ್ನು ನೋಟರಿ ಮಾಡಿಸಿ ನಿಮಗೆ ಕಳಿಸಿದ್ದೇನೆ. ಅದನ್ನು ಹದಿನಾಲ್ಕು ಫೋಟೊಗಳ ಸಮೇತ ವರದಿಗೆ ಸೇರಿಸಿ, ಒಂದು ವಾಕ್ಯದ ಹಾಳೆಯನ್ನು ಹಿಂತೆಗೆದುಕೊಳ್ಳಿ. ನಿತಿನ್ ಹೆಸರನ್ನು ಆ ಪಟ್ಟಿಯಿಂದ ತೆಗೆದು, ಪಟ್ಟಿ ಕಳಿಸಿದ ಪ್ರತಿಯೊಬ್ಬರಿಗೂ ಹಾಗೆಂದು ಬರೆಯಿರಿ. ಬ್ರೇಕಿಗೆ ಅಂಕ ಕಳೆಯುವುದನ್ನು ಇಂದೇ ನಿಲ್ಲಿಸಿ. ವಾರಕ್ಕೊಮ್ಮೆ ಖಾಲಿ ಅಂಗಳದಲ್ಲಿ ನಾಲ್ಕು ಸಲ ಗಟ್ಟಿಯಾಗಿ ಬ್ರೇಕ್ ತುಳಿಯಲು ಚಾಲಕರಿಗೆ ಹೇಳಿದರೆ ಡಿಸ್ಕಿನ ತುಕ್ಕು ತಾನೇ ಉಜ್ಜಿಹೋಗುತ್ತದೆ. ಮಳೆಗಾಲದ ಮೊದಲೂ ನಂತರವೂ ಪಿನ್ನುಗಳನ್ನು ಬಿಚ್ಚಿ ಗ್ರೀಸ್ ಹಚ್ಚಿಸಿ. ಆಯಿಲ್ ಬದಲಿಸಿದ ದಿನಾಂಕವನ್ನು ಗಾಡಿಯ ಮೇಲೆ ಅಂಟಿಸಿ. ತುಂಬಿದ ಬ್ಯಾಟರಿಯ ಗುಣವನ್ನು ಚಾಲಕರಿಗೆ ಅವರ ಭಾಷೆಯಲ್ಲಿ ತಿಳಿಸಿ.

ಈ ಪತ್ರವನ್ನು ಅಚ್ಚಿಗೆ ಕೊಡುವ ಮುನ್ನ ರಾಜಮ್ಮನವರು ನಿತಿನ್‌ಗೆ ಓದಿ ಹೇಳಿದರು. ತನ್ನ ಬಗ್ಗೆ ಒಂದು ಅಕ್ಷರ ಸೇರಿಸಿ ಎಂದೂ ನಿತಿನ್ ಕೇಳಲಿಲ್ಲ. “ಅಂಕಲ್, ನೇಹಾ ಗಾಡಿದು ಬರೀರಿ. ಅವಳದ್ದೂ ನನ್ನ ಗಾಡಿ ಜೊತೇನೇ ಬಂದಿದ್ದು. ಜಲ್ದಿ ಬರೀರಿ” ಎಂದರು. ವಿಚಾರಿಸಿದೆ. ನೇಹಾ ನಿಮ್ಮ ಹನ್ನೆರಡು ಮಂದಿ ಚಾಲಕರಲ್ಲಿ ಒಬ್ಬರು. ಈ ತಿಂಗಳ ಫಲಕದಲ್ಲಿ ಮೊದಲ ಹೆಸರು ಅವರದು: ಇಪ್ಪತ್ತಾರು ದಿನ, ಒಂದು ಸಲವೂ ಬ್ರೇಕ್ ತುಳಿದಿಲ್ಲ. ದೀಪಾವಳಿಗೆ ಮತ್ತೆ ಆರು ದಿನ ರಜೆ ಬರುತ್ತಿದೆ. ಅದು ಮುಗಿದ ಬೆಳಗ್ಗೆ ನಿಮ್ಮ ಸುತ್ತೋಲೆಯಂತೆ ಆ ಗಾಡಿಯೂ ನೂರಕ್ಕೆ ನೂರು ಚಾರ್ಜ್ ಆಗಿ ಬೀದಿಗಿಳಿಯುತ್ತದೆ. ಅದಕ್ಕೆ ಮೊದಲು ಅದರ ನಾಲ್ಕೂ ಚಕ್ರ ಬಿಚ್ಚಿಸಿ, ನೀವೇ ಬಗ್ಗಿ ನೋಡಿ. ಅಭಿನಂದನಾ ಪತ್ರಕ್ಕೆ ಆಮೇಲೆ ಸಹಿ ಹಾಕಬಹುದು.

ಇಂತಿ,
ನಿಜವನ್ನೇ ನುಡಿದು ನಿರಪರಾಧಿಯ ಕೆಲಸ ಕಳೆದ
ವಾದಿರಾಜ
ಸದರ್, ನಾಗಪುರ